ಲಿಪಿಗೆ ಮೊದಲು ದನಿ: ಹೊರನಾಡಿನ ಶಿಕ್ಷಕರಿಗೆ ಕನ್ನಡದ ಪುಸ್ತಕ, ನಾಟಕ, ಕಲೆ

೧

ಮಕ್ಕಳ ಸಾಹಿತ್ಯವನ್ನು ಕುರಿತು ನಮ್ಮಲ್ಲಿ ನಡೆದಿರುವ ವಿಮರ್ಶೆ ಬಹು ಸ್ವಲ್ಪ. ನಡೆದಿರುವಷ್ಟೂ ಸಾಮಾನ್ಯವಾಗಿ ಎರಡು ಪ್ರಶ್ನೆಗಳ ಸುತ್ತ ಸುಳಿದಿದೆ. ಕೃತಿಯ ಭಾಷೆ ಸರಳವಾಗಿದೆಯೇ ಎಂಬುದು ಒಂದು. ಅದರಿಂದ ದೊರೆಯುವ ನೀತಿ ಯಾವುದು ಎಂಬುದು ಇನ್ನೊಂದು. ಇವೆರಡೂ ಕೇಳತಕ್ಕ ಪ್ರಶ್ನೆಗಳೇ. ಆದರೆ ಇವುಗಳಿಗೆ ಮೊದಲು ಕೇಳಬೇಕಾದ ಮೂರನೆಯದೊಂದು ಪ್ರಶ್ನೆಯುಂಟು: ಆ ಕೃತಿ ಮಗುವನ್ನು ಯಾರ ಮೂಲಕ, ಯಾವ ಇಂದ್ರಿಯದ ಮೂಲಕ ತಲಪುತ್ತದೆ? ಕನ್ನಡ ನಾಡಿನೊಳಗೆ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಅಲ್ಲಿ ಅಂಗಡಿಯ ಹಲಗೆ, ಬಸ್ಸಿನ ಫಲಕ, ಗೋಡೆಯ ಬರಹ ಎಲ್ಲವೂ ಸೇರಿ ಮಗುವಿಗೆ ಅಕ್ಷರವನ್ನು ಉಣಿಸುತ್ತಿರುತ್ತವೆ. ಪುಸ್ತಕವನ್ನು ಕೈಗಿತ್ತರೆ ಸಾಕು, ಮಗು ಒಂದಲ್ಲ ಒಂದು ದಿನ ಅದನ್ನು ತೆರೆದೀತೆಂಬ ಭರವಸೆಯಿದೆ. ಪುಣೆಯಂಥ ಹೊರನಾಡ ನಗರದಲ್ಲಿ ಆ ಭರವಸೆಗೆ ಆಧಾರವಿಲ್ಲ.

ಇಲ್ಲಿಯ ಸ್ಥಿತಿಯನ್ನು ವಾಚಕರು ಬಲ್ಲರು. ಮಹಾರಾಷ್ಟ್ರ ಸರಕಾರವು ೨೦೨೦ರಲ್ಲಿ ಮಾಡಿದ ಕಾಯಿದೆಯ ಮೇರೆಗೆ ರಾಜ್ಯದ ಶಾಲೆಗಳಲ್ಲಿ ಮರಾಠಿಯ ಕಲಿಕೆ ಕಡ್ಡಾಯವಾಗಿದೆ. ಇರುವ ನೆಲದ ಭಾಷೆಯನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯುವುದು ನ್ಯಾಯವಾದುದೇ; ಅದನ್ನು ಕುರಿತು ಆಕ್ಷೇಪಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಪರಿಣಾಮವನ್ನು ಗಮನಿಸಬೇಕು. ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುವ ಕನ್ನಡಿಗರ ಮಗು ರೋಮನ್ ಲಿಪಿಯನ್ನೂ ದೇವನಾಗರಿಯನ್ನೂ ಶಾಲೆಯ ವೇಳೆಯಲ್ಲಿ ಕಲಿಯುತ್ತದೆ. ಕನ್ನಡದ ಲಿಪಿಗೆ ಅಲ್ಲಿ ಒಂದು ಗಂಟೆಯೂ ಇಲ್ಲ. ಪುಣೆಯ ಕನ್ನಡ ಸಂಘವು ಡಾ. ಕಲ್ಮಾಡಿ ಶಾಮರಾಯರ ಹೆಸರಿನ ಶಾಲೆಗಳನ್ನು ನಡೆಸಿಕೊಂಡು ಬಂದಿರುವುದು ನಮ್ಮ ಹೆಮ್ಮೆ. ಆದರೂ ನಗರದಲ್ಲಿ ಹರಡಿಕೊಂಡಿರುವ ಕನ್ನಡ ಮನೆಗಳ ಮಕ್ಕಳೆಲ್ಲರನ್ನೂ ಯಾವುದೊಂದು ಸಂಸ್ಥೆಯೂ ಒಳಗೊಳ್ಳಲಾರದು. ಇದರಲ್ಲಿ ಒಂದು ವಿಚಿತ್ರವೂ ಅಡಗಿದೆ. ೧೯೬೭ರಲ್ಲಿ ಸ್ಥಾಪಿತವಾದ ರಾಜ್ಯದ ಪಠ್ಯಪುಸ್ತಕ ಮಂಡಲ, ಅಂದರೆ ‘ಬಾಲಭಾರತಿ’, ಇರುವುದು ಪುಣೆಯಲ್ಲಿಯೇ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮೊದಲಾದ ಗಡಿಭಾಗದ ಕನ್ನಡ ಶಾಲೆಗಳಿಗೆ ಬೇಕಾದ ಕನ್ನಡ ಪಠ್ಯಪುಸ್ತಕಗಳು ಆ ಸಂಸ್ಥೆಯಿಂದಲೇ ಹೊರಡುತ್ತವೆ. ಹೀಗೆ ಕನ್ನಡದ ವಾಚನ ಪುಸ್ತಕವನ್ನು ಹೊರಡಿಸುವ ನಗರದಲ್ಲಿ ವಾಸಿಸುವ ಎಷ್ಟೋ ಕನ್ನಡ ಮಕ್ಕಳು ಆ ಪುಸ್ತಕದ ಹೊದಿಕೆಯ ಮೇಲಿನ ಹೆಸರನ್ನು ಓದಲಾರರು.

ಇಂಥ ಮಗುವನ್ನು ನಿರಕ್ಷರಿಯೆಂದು ಕರೆಯುವಂತಿಲ್ಲ. ಕನ್ನಡ ಬಾರದವನೆಂದೂ ಅನ್ನುವಂತಿಲ್ಲ. ಅಜ್ಜಿಯ ಮಾತು ಅವನಿಗೆ ತಿಳಿಯುತ್ತದೆ, ಊಟಕ್ಕೆ ಕರೆದರೆ ಬರುತ್ತಾನೆ, ಗದರಿಸಿದರೆ ಅಳುತ್ತಾನೆ. ಕನ್ನಡ ಅವನ ಕಿವಿಯಲ್ಲಿದೆ, ಅರ್ಧ ನಾಲಗೆಯಲ್ಲಿದೆ, ಕಣ್ಣಿಗೆ ಮಾತ್ರ ಬಂದಿಲ್ಲ. ಆದುದರಿಂದ ಭಾನುವಾರದ ಕನ್ನಡ ವರ್ಗವನ್ನು ನಡೆಸುವ ಉಪಾಧ್ಯಾಯರು ಅ ಆ ಇ ಈ ಯಿಂದ ಆರಂಭಿಸುವುದು ಸಹಜವಾಗಿ ತೋರಿದರೂ ಅದು ಹಿಂದುಮುಂದಾದ ಕ್ರಮವೆಂದು ನನ್ನ ಅಭಿಪ್ರಾಯ. ಇರುವ ಸಂಪತ್ತನ್ನು ಬಿಟ್ಟು ಇಲ್ಲದ್ದರಿಂದ ತೊಡಗಿದಂತಾಗುತ್ತದೆ. ಈ ದೃಷ್ಟಿಯಿಂದ ನಮ್ಮ ಮಕ್ಕಳ ಸಾಹಿತ್ಯದ, ರಂಗಭೂಮಿಯ, ಕಲೆಯ ಕೆಲವು ಕೃತಿಗಳನ್ನು ಪರೀಕ್ಷಿಸಿ, ಇವುಗಳಲ್ಲಿ ಯಾವುದು ಹೊರನಾಡಿನ ಶಿಕ್ಷಕನ ಕೈಯಲ್ಲಿ ಬಾಳುತ್ತದೆ, ಯಾವುದು ಬಾಡುತ್ತದೆ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಕನ್ನಡದಲ್ಲಿ ಶಿಕ್ಷಕನಿಗೂ ರಂಗಭೂಮಿಗೂ ಇರುವ ನಂಟು ಹೊಸದಲ್ಲ. ಈ ನಂಟಿನ ಕಥೆಯಲ್ಲಿ ಮಹಾರಾಷ್ಟ್ರದ ಪಾಲೂ ಇದೆ. ಉತ್ತರ ಕನ್ನಡದ ಕಡೆಯ ಯಕ್ಷಗಾನದ ಆಟವನ್ನು ಸಾಂಗಲಿಯಲ್ಲಿ ಕಂಡ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು ೧೮೪೩ರಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿಸಿದರೆಂಬುದು ಮರಾಠಿ ರಂಗಭೂಮಿಯ ಇತಿಹಾಸಕಾರರೂ ಒಪ್ಪಿರುವ ಮಾತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರ ‘ಸಂಗೀತ ಶಾಕುಂತಲ’ ೧೮೮೦ರಲ್ಲಿ ಪುಣೆಯಲ್ಲಿಯೇ ರಂಗವನ್ನೇರಿತು. ಆ ಕಾಲದಲ್ಲಿ ಉತ್ತರ ಕರ್ನಾಟಕದ ಊರೂರಿಗೂ ಮರಾಠಿ ನಾಟಕ ಮಂಡಳಿಗಳು ಬರುತ್ತಿದ್ದವು. ಕನ್ನಡಿಗರು ಕನ್ನಡವನ್ನು ಮರೆತು ಆ ಹಾಡುಗಳನ್ನು ಗುನುಗುತ್ತಿದ್ದರು. ಅದಕ್ಕೆ ಎದುರಾಗಿ ಗದಗಿನಲ್ಲಿ ಕನ್ನಡ ನಾಟಕವನ್ನು ಕಟ್ಟಿ ನಿಲ್ಲಿಸಿದವರು ಶಾಂತಕವಿಗಳೆಂದು ಪ್ರಸಿದ್ಧರಾದ ಸಕ್ಕರಿ ಬಾಳಾಚಾರ್ಯರು. ವೃತ್ತಿಯಿಂದ ಅವರು ಶಾಲೆಯ ಮಾಸ್ತರರು. ಷೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ಯನ್ನಾಗಿ ಮಾಡಿದ ಚನ್ನಬಸಪ್ಪನವರ ಹೆಸರಿನ ಹಿಂದೆ ‘ಡೆಪ್ಯುಟಿ’ ಎಂಬ ಮಾತು ನಿಂತುದು ಅವರು ವಿದ್ಯಾ ಇಲಾಖೆಯ ಅಧಿಕಾರಿಗಳಾಗಿದ್ದುದರಿಂದ.

ಈ ಇಬ್ಬರ ಕೆಲಸದಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಭಾಷೆ ಇಕ್ಕಟ್ಟಿಗೆ ಸಿಕ್ಕಿದ ಸಮಯದಲ್ಲಿ ನಮ್ಮ ಶಿಕ್ಷಕರು ಕೈಗೆತ್ತಿಕೊಂಡುದು ಕೇವಲ ವ್ಯಾಕರಣದ ಪುಸ್ತಕವನ್ನಲ್ಲ. ಜನ ಕೂಡಿ ಕೇಳುವ, ನಗುವ ಕಥೆಯನ್ನು ಮತ್ತು ಆಟವನ್ನು. ಪುಣೆಯ ಕನ್ನಡ ಮಗು ಇಂದು ನಿಂತಿರುವ ಸ್ಥಳ, ಪ್ರಮಾಣದಲ್ಲಿ ಭಿನ್ನವಾದರೂ, ಆ ಕಾಲದ ಗದಗಿನ ಸ್ಥಿತಿಗೆ ತೀರ ದೂರವಾದುದಲ್ಲ.

೩

ಮೊದಲು ಪುಸ್ತಕಗಳನ್ನು ನೋಡೋಣ. ಮಕ್ಕಳ ಸಾಹಿತ್ಯದ ಪ್ರಸ್ತಾಪ ಪಂಜೆ ಮಂಗೇಶರಾಯರಿಂದ (೧೮೭೪-೧೯೩೭) ತೊಡಗುವುದು ವಾಡಿಕೆ. ಅವರೂ ಉಪಾಧ್ಯಾಯರು, ಶಾಲೆಗಳ ಇನ್‌ಸ್ಪೆಕ್ಟರರು. ೧೯೩೪ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅವರ ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಕಥೆ ನಮ್ಮ ದೃಷ್ಟಿಗೆ ಬಹು ಉಪಯುಕ್ತವಾದ ಉದಾಹರಣೆ. ಒಂದು ಪ್ರಶ್ನೆಗೆ ಇನ್ನೊಂದು ಪ್ರಶ್ನೆ ಕೊಂಡಿಯಾಗಿ ಬೆಳೆಯುವ ಸರಣಿಕಥೆಯಿದು. ಇಂಥ ಕಥೆಯಲ್ಲಿ ಮಗು ಎರಡನೆಯ ಸುತ್ತಿಗೇ ವಾಕ್ಯದ ಅಚ್ಚನ್ನು ಹಿಡಿದುಬಿಡುತ್ತದೆ. ಮೂರನೆಯ ಸುತ್ತಿಗೆ ಕಥೆಗಾರನಿಗಿಂತ ಮೊದಲು ತಾನೇ ನುಡಿಯುತ್ತದೆ. ‘ಯಾಕೆ’ ಎಂಬ ಪ್ರಶ್ನೆ, ಅದಕ್ಕೆ ಉತ್ತರವಾಗಿ ಬರುವ ಕ್ರಿಯಾಪದದ ನಿಷೇಧರೂಪ, ಇವೆರಡನ್ನೂ ವ್ಯಾಕರಣದ ಪಾಠದಲ್ಲಿ ಕಲಿಸಬೇಕಾದರೆ ಹಲವು ವಾರಗಳು ಹಿಡಿದಾವು. ಸಿಗಡಿಯೆಂಬ ಮಾತು ಕಲಬುರ್ಗಿಯ ಕಡೆಯ ಮಗುವಿಗೆ ಹೊಸದು, ನಿಜ. ಉಡುಪಿಯ ಕಡೆಯ ಮಗುವೇ ಅದನ್ನು ವರ್ಗಕ್ಕೆ ವಿವರಿಸಲಿ. ಕೃತಿಯ ಬಿಗಿಯಾದ ರಚನೆಯೇ ಇಲ್ಲಿ ಉಪಾಧ್ಯಾಯನ ಕೆಲಸವನ್ನು ಅರ್ಧ ಮಾಡಿ ಮುಗಿಸಿರುತ್ತದೆ.

ಜಿ. ಪಿ. ರಾಜರತ್ನಂ ಅವರ ‘ತುತ್ತೂರಿ’ ಇನ್ನೊಂದು ಬಗೆಯದು. ಬಡಾಯಿ ಕೊಚ್ಚುವ ಹುಡುಗ, ಅವನ ತಗಡಿನ ವಾದ್ಯ, ಅದು ನೀರಿಗೆ ಬಿದ್ದು ದನಿಗೆಡುವುದು, ಇಷ್ಟೇ ವಸ್ತು. ಕೊನೆಯಲ್ಲಿ ನೀತಿಯುಂಟು, ಆದರೆ ಮಕ್ಕಳಿಗೆ ಬೇಕಾದುದು ಆ ನೀತಿಯಲ್ಲ, ಕೆಟ್ಟುಹೋದ ವಾದ್ಯದ ಸದ್ದು. ಪದ್ಯವನ್ನು ಹೇಳಿಕೊಟ್ಟು ‘ಇದರಿಂದ ನಾವು ಕಲಿಯುವುದೇನು?’ ಎಂದು ಕೇಳುವ ಶಿಕ್ಷಕನು, ಕವಿ ಕಷ್ಟಪಟ್ಟು ಕೂಡಿಸಿದ ನಗೆಯನ್ನು ತಾನೇ ನೀರಿಗೆ ಬಿಟ್ಟಂತೆ.

ಶಿವರಾಮ ಕಾರಂತರ ‘ಬಾಲಪ್ರಪಂಚ’ (೧೯೩೬) ಮೂರು ಸಂಪುಟಗಳ ಮಹಾ ಸಾಹಸ. ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ಕುಣಿದು ಆಡಿದವರೇ ಮಕ್ಕಳಿಗಾಗಿ ವಿಶ್ವಕೋಶವನ್ನು ಬರೆದರೆಂಬುದು ಆ ಗ್ರಂಥದ ಗದ್ಯದಲ್ಲಿ ಕಾಣುತ್ತದೆ. ಆದರೆ ಇಂದಿನ ಶಿಕ್ಷಕನು ಅದನ್ನು ಮಾಹಿತಿಗಾಗಿ ಮಕ್ಕಳ ಕೈಗೆ ಕೊಡಲಾರ. ಸುಮಾರು ತೊಂಬತ್ತು ವರ್ಷಗಳಲ್ಲಿ ವಿಜ್ಞಾನ ಬಹಳ ದೂರ ಸಾಗಿದೆ. ೧೯೩೬ರ ಆಕಾಶವನ್ನು ಇಂದಿನ ಮಗುವಿಗೆ ಹಾಗೆಯೇ ಒಪ್ಪಿಸಿದರೆ ಅದು ಕಾರಂತರಿಗೂ ಸಮ್ಮತವಾಗುತ್ತಿರಲಿಲ್ಲ. ಇಂದಿಗೂ ಉಳಿದಿರುವುದು ಅವರ ಧೈರ್ಯ: ಲೋಕದ ಯಾವ ವಿಷಯವನ್ನೇ ಆಗಲಿ ಮಗುವಿಗೆ ಕನ್ನಡದಲ್ಲಿ ಹೇಳಬಹುದೆಂಬ ನಂಬಿಕೆ. ಇದು ಹೊರನಾಡಿನ ಮಗುವಿಗೆ ಬಹು ಮುಖ್ಯವಾದ ವಿಷಯ. ಏಕೆಂದರೆ ಆ ಮಗುವಿನ ಮನಸ್ಸಿನಲ್ಲಿ ಕನ್ನಡವು ಅಡಿಗೆಮನೆಗೆ, ದೇವರಮನೆಗೆ, ರಜೆಯಲ್ಲಿ ಹೋಗುವ ಊರಿಗೆ ಸೀಮಿತವಾದ ಭಾಷೆ. ಗ್ರಹಗಳು, ಯಂತ್ರಗಳು, ಲೆಕ್ಕ ಇವೆಲ್ಲ ಇನ್ನೊಂದು ಭಾಷೆಯ ಸೊತ್ತು. ಈ ವಿಭಾಗ ಮುರಿಯದಿದ್ದರೆ ಎಷ್ಟು ಹಾಡುಗಳನ್ನು ಕಲಿಸಿದರೂ ಕನ್ನಡವು ಅವನಿಗೆ ಹಬ್ಬದ ಉಡುಪಾಗಿಯೇ ಉಳಿದೀತು. ಆದುದರಿಂದ ಶಿಕ್ಷಕನು ಕಾರಂತರ ಒಂದು ಪುಟವನ್ನು ಗಟ್ಟಿಯಾಗಿ ಓದಿ, ಅದರಲ್ಲಿ ಇಂದು ಬದಲಾಗಿರುವ ಸಂಗತಿ ಯಾವುದೆಂದು ಮಕ್ಕಳಿಂದಲೇ ತಿದ್ದಿಸಬೇಕು. ಹಳೆಯ ಗ್ರಂಥವನ್ನು ಗೌರವಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಮಾರ್ಗ ಕಾಣುವುದಿಲ್ಲ.

ಈ ಮೂವರಲ್ಲಿಯೂ ಸಮಾನವಾಗಿ ಇರುವ ಗುಣ ದನಿ. ಅವರ ಬರಹ ಓದಿ ಹೇಳುವುದಕ್ಕೆ ತಕ್ಕುದು. ನೆರೆಯ ಮರಾಠಿಯಲ್ಲಿಯೂ ಇದಕ್ಕೆ ದೊಡ್ಡ ನಿದರ್ಶನವಿದೆ. ಅಮಳನೇರಿನಲ್ಲಿ ಶಿಕ್ಷಕರಾಗಿದ್ದ ಸಾನೆ ಗುರೂಜಿಯವರ ‘ಶ್ಯಾಮಚೀ ಆಈ’ ಅಚ್ಚಾದ ಪುಸ್ತಕವಾದರೂ ಅದರ ಕಟ್ಟು ರಾತ್ರಿ ರಾತ್ರಿ ಕುಳಿತು ಹೇಳಿದ ಕಥೆಯದು. ಬಾಲಭಾರತಿಯು ೧೯೭೧ರಿಂದ ಹೊರಡಿಸುತ್ತಿರುವ ‘ಕಿಶೋರ’ ಮಾಸಿಕವು ಪಠ್ಯದ ಹೊರಗಿನ ಓದನ್ನು ಮರಾಠಿ ಮಕ್ಕಳ ಮನೆಗೆ ತಂದಿತು. ನಮ್ಮ ಪುಣೆಯ ಮಕ್ಕಳಿಗೆ ಶಾಲೆಯ ಮರಾಠಿಯ ಮೂಲಕ ಇವು ಪರಿಚಿತವಾಗಿದ್ದರೆ ಸಂತೋಷವೇ. ಆ ಪರಿಚಯವನ್ನು ಕನ್ನಡದ ಶತ್ರುವೆಂದು ಭಾವಿಸದೆ, ‘ಶ್ಯಾಮನ ತಾಯಿ ನಿನ್ನ ಅಜ್ಜಿಯ ಕನ್ನಡದಲ್ಲಿ ಹೇಗೆ ಮಾತನಾಡಿಯಾಳು?’ ಎಂದು ಕೇಳುವ ಶಿಕ್ಷಕನಿಗೆ ಒಂದು ಒಳ್ಳೆಯ ಪಾಠ ಸಿದ್ಧವಾಗಿ ದೊರೆತಂತೆ.

೪

ಇನ್ನು ನಾಟಕದ ಮಾತು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಬ್ರೌನಿಂಗ್ ಕವಿಯ ಕಥನಕವನದಿಂದ ಬಂದುದು. ಹ್ಯಾಮಲಿನ್ ಪಟ್ಟಣವು ತುಂಗೆಯ ದಂಡೆಯ ಹಳ್ಳಿಯಾಯಿತು, ನಗರಸಭೆಯ ಸ್ಥಾನದಲ್ಲಿ ಊರ ಗೌಡ ನಿಂತ. ಕಾವ್ಯವಾಗಿ ಬರೆದುದಾದರೂ ಶಾಲೆಯ ರಂಗಕ್ಕೆ ಇದು ಎಷ್ಟು ಒದಗಿದೆಯೆಂಬುದನ್ನು ಹೇಳಬೇಕಾಗಿಲ್ಲ. ಇಲಿಗಳಾಗಿ ಎಷ್ಟು ಮಕ್ಕಳು ಬೇಕಾದರೂ ನಟಿಸಬಹುದು. ಒಳ್ಳೆಯ ಕನ್ನಡ ಬಾರದ ಮಗುವಿಗೂ ಇಲಿಯಾಗುವ ಹಕ್ಕುಂಟು. ಗುಂಪಿನಲ್ಲಿ ನುಡಿದು ನುಡಿದು ಆ ಮಗು ಇಡೀ ಕವನವನ್ನು ನಾಲಗೆಗೆ ತಂದುಕೊಳ್ಳುತ್ತದೆ. ಮುಖ್ಯ ಪಾತ್ರಗಳನ್ನು ಉಚ್ಚಾರ ಚೆನ್ನಾಗಿರುವ ನಾಲ್ವರಿಗೆ ಹಂಚಿ ಉಳಿದವರನ್ನು ಪರದೆಯ ಹಿಂದೆ ನಿಲ್ಲಿಸುವ ನಾಟಕಗಳಿಗಿಂತ ಇದು ಹೆಚ್ಚು ಪ್ರಜಾಸತ್ತಾತ್ಮಕವಾದುದು.

ಆದರೆ ಈ ಕೃತಿಯ ಮಹತ್ವ ಅದರ ಅನುಕೂಲದಲ್ಲಿ ಮುಗಿಯುವುದಿಲ್ಲ. ಕೊಟ್ಟ ಮಾತಿಗೆ ತಪ್ಪಿದವರು ಹಿರಿಯರು; ದಂಡ ತೆತ್ತವರು ಮಕ್ಕಳು. ಇದನ್ನು ‘ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು’ ಎಂಬ ಒಂದು ಸಾಲಿನ ನೀತಿಗೆ ಇಳಿಸಿದರೆ ಕಥೆಯ ಭಯವೆಲ್ಲ ಸೋರಿಹೋಗುತ್ತದೆ. ಹೊರನಾಡಿನ ವರ್ಗದಲ್ಲಿ ಈ ಕಥೆ ಇನ್ನೊಂದು ಬಗೆಯಾಗಿ ಕೇಳಿಸುವುದು ಅನಿವಾರ್ಯ. ಇಂಪಾದ ಬೇರೊಂದು ನಾದವನ್ನು ಅನುಸರಿಸಿ ಮಕ್ಕಳು ಊರನ್ನು ಬಿಟ್ಟು ಬೆಟ್ಟದೊಳಗೆ ಹೋಗಿಬಿಡುತ್ತಾರೆ. ಜೋಗಿಯನ್ನು ಬೈಯುವುದು ಊರವರಿಗೆ ಸುಲಭ. ತಾವು ಸಲ್ಲಿಸದೆ ಉಳಿಸಿಕೊಂಡ ಬಾಕಿಯನ್ನು ನೆನೆಯುವುದು ಕಷ್ಟ. ನಮ್ಮ ಮಕ್ಕಳು ಇಂಗ್ಲಿಷಿನ ಹಿಂದೆಯೋ ಮರಾಠಿಯ ಹಿಂದೆಯೋ ಹೋದರೆಂದು ಸಭೆಗಳಲ್ಲಿ ಮರುಗುವ ನಾವು, ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಕಥೆ ಹೇಳುವ ಬಾಕಿಯನ್ನು ತೀರಿಸಿದ್ದೇವೆಯೇ? ಕವಿಯ ಉದ್ದೇಶ ಇದಾಗಿತ್ತೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಕೃತಿ ಹೊಸ ನೆಲಕ್ಕೆ ಬಂದಾಗ ಹೊಸ ಪ್ರಶ್ನೆಯನ್ನು ಕೇಳುತ್ತದೆಯೆಂಬುದಷ್ಟೇ ನನ್ನ ಮಾತು. ನಡೆಯಲಾರದೆ ಹಿಂದೆ ಉಳಿದ ಕುಂಟ ಹುಡುಗನನ್ನು ಕುರಿತು ಮಕ್ಕಳು ತಾವಾಗಿಯೇ ಮಾತನಾಡಲಿ. ‘ಅವರು ಎಲ್ಲಿಗೆ ಹೋದರು?’ ಎಂಬ ಪ್ರಶ್ನೆಗೆ ಶಿಕ್ಷಕನು ಉತ್ತರ ಕೊಡದಿರಲಿ.

ಬಿ. ವಿ. ಕಾರಂತರ (೧೯೨೯-೨೦೦೨) ‘ಪಂಜರ ಶಾಲೆ’ಯ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಇದರ ಮೂಲ ರವೀಂದ್ರನಾಥ ಠಾಕೂರರು ೧೯೧೮ರಲ್ಲಿ ಪ್ರಕಟಿಸಿದ ಗಿಳಿಯ ಕಥೆ. ಹಾಡುತ್ತ ಹಾರುತ್ತ ಇದ್ದ ಹಕ್ಕಿಗೆ ವಿದ್ಯೆ ಕಲಿಸಬೇಕೆಂದು ರಾಜನ ಅಪ್ಪಣೆಯಾಗುತ್ತದೆ. ಚಿನ್ನದ ಪಂಜರ ಸಿದ್ಧವಾಗುತ್ತದೆ, ಪಂಡಿತರಿಗೆ ಸಂಭಾವನೆ ಸಲ್ಲುತ್ತದೆ, ಗ್ರಂಥಗಳ ರಾಶಿ ಬೆಳೆಯುತ್ತದೆ. ಹಕ್ಕಿ ಮಾತ್ರ ಸಾಯುತ್ತದೆ. ಶಿಕ್ಷಣವನ್ನು ಕುರಿತ ಈ ವಿಡಂಬನೆಯನ್ನು ಕಾರಂತರು ಹಾಡು ಕುಣಿತಗಳ ಮೂಲಕ ಮಕ್ಕಳದೇ ಆಟವನ್ನಾಗಿಸಿದರು. ಎಳೆತನದಲ್ಲಿ ಗುಬ್ಬಿ ಕಂಪನಿಯಲ್ಲಿ ಬೆಳೆದು, ದಿಲ್ಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ ಕಲಿಸಿ, ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, ೧೯೮೯ರಲ್ಲಿ ಮೈಸೂರಿನ ರಂಗಾಯಣದ ಸ್ಥಾಪಕ ನಿರ್ದೇಶಕರಾದ ಅವರು ಹೊರನಾಡಿನ ಅನುಭವವನ್ನೂ ಬಲ್ಲವರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ ಶಾಲೆಗಳ ವಾರ್ಷಿಕ ಸ್ನೇಹಸಮ್ಮೇಳನಗಳಲ್ಲಿ ನಾಟಕವನ್ನು ಸಿದ್ಧಗೊಳಿಸುವ ರೀತಿಯನ್ನು ಕಂಡವರಿಗೆ ನನ್ನ ಮಾತು ತಿಳಿದೀತು. ಸಂಭಾಷಣೆಯನ್ನು ದೇವನಾಗರಿಯಲ್ಲಿಯೋ ರೋಮನ್‌ನಲ್ಲಿಯೋ ಬರೆದುಕೊಟ್ಟು, ಅರ್ಥವನ್ನು ಬಿಟ್ಟು, ಉರು ಹೊಡೆಸಿ, ತಪ್ಪಿದಲ್ಲಿ ಗದರಿಸಿ, ಬಾಡಿಗೆಯ ವೇಷ ತೊಡಿಸಿ, ಮುಖ್ಯ ಅತಿಥಿಗಳ ಭಾಷಣವಾದ ಮೇಲೆ ರಾತ್ರಿ ಹತ್ತಕ್ಕೆ ರಂಗಕ್ಕೆ ತಳ್ಳುವುದು. ‘ಪಂಜರ ಶಾಲೆ’ಯನ್ನೇ ಈ ರೀತಿಯಲ್ಲಿ ಆಡಿಸಿದರೆ, ನಾಟಕದಲ್ಲಿ ನಿಂದಿತವಾದ ಪಂಜರ ರಂಗದ ಮೇಲೆ ನಿಜವಾಗಿ ನಿಂತಂತಾಗುತ್ತದೆ, ಗಿಳಿಯ ಪಾತ್ರ ವಹಿಸಿದ ಮಗು ನಿಜವಾಗಿಯೂ ಗಿಳಿಯಾಗುತ್ತದೆ. ತಾನು ಖಂಡಿಸುವ ದೋಷಕ್ಕೆ ತಾನೇ ಗುರಿಯಾಗುವ ಅಪಾಯ ಬೇರೆ ನಾಟಕಗಳಿಗೆ ಇಷ್ಟಿಲ್ಲ. ಆದುದರಿಂದ ಈ ಕೃತಿಯನ್ನು ಆಡಿಸುವ ಮೊದಲು ಹೇಳಬೇಕು, ಮಕ್ಕಳು ತಮ್ಮ ಶಾಲೆಯ ಪಂಜರಗಳನ್ನು ತಮ್ಮ ಮಾತಿನಲ್ಲಿ ಪಟ್ಟಿಮಾಡಬೇಕು, ಅನಂತರ ಕವಾಯತಿನಂತಲ್ಲದೆ ಆಟದಂತೆ ಅದನ್ನು ಕಟ್ಟಬೇಕು. ಮುಖ್ಯ ಅತಿಥಿಗಳಿಲ್ಲದ ಮಧ್ಯಾಹ್ನವೊಂದರಲ್ಲಿ ತಾಯಿತಂದೆಗಳ ಮುಂದೆ ಆಡಿದರೂ ನಾಟಕಕ್ಕೆ ನ್ಯಾಯ ದೊರೆತಂತೆ.

೫

ಭಾಷೆಯ ರೂಪಗಳ ಪ್ರಶ್ನೆಯೂ ಇಲ್ಲಿಯೇ ಏಳುತ್ತದೆ. ಪುಣೆಯ ಒಂದು ಕನ್ನಡ ವರ್ಗದಲ್ಲಿ ಧಾರವಾಡದ ನೌಕರವರ್ಗದ ಮನೆಯ ಮಗುವಿರುತ್ತದೆ, ವಿಜಯಪುರ ಕಲಬುರ್ಗಿಗಳಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗುವಿರುತ್ತದೆ, ಮನೆಯಲ್ಲಿ ತುಳುವನ್ನಾಡುವ ಹೋಟೆಲಿನವರ ಮಗುವಿರುತ್ತದೆ, ಬೆಂಗಳೂರಿನಿಂದ ಬಂದ ಯಂತ್ರಜ್ಞರ ಮಗುವೂ ಇರುತ್ತದೆ. ಇವರಲ್ಲಿ ಯಾರ ಕನ್ನಡ ಶುದ್ಧವೆಂದು ಉಪಾಧ್ಯಾಯನು ನಿರ್ಣಯಿಸಹೊರಟರೆ ಮೂವರು ಬಾಯಿ ಮುಚ್ಚುತ್ತಾರೆ. ಬರೆದ ಪುಸ್ತಕವು ಒಂದೇ ಗ್ರಾಂಥಿಕ ರೂಪವನ್ನು ಬೇಡುವುದು ಸಹಜ. ರಂಗಭೂಮಿ ಹಾಗಲ್ಲ. ಅಲ್ಲಿ ರಾಜನು ಒಂದು ಸೀಮೆಯ ಮಾತನಾಡಬಹುದು, ಮಂತ್ರಿ ಇನ್ನೊಂದು ಸೀಮೆಯ ಮಾತನಾಡಬಹುದು. ಅದರಿಂದ ನಾಟಕಕ್ಕೆ ಕಳೆಯೇ ಏರುತ್ತದೆ. ಕರಾವಳಿಯ ಲೇಖಕಿ ವೈದೇಹಿಯವರ ‘ಧಾಂ ಧೂಂ ಸುಂಟರಗಾಳಿ’, ‘ನಾಯಿಮರಿ ನಾಟಕ’, ‘ಗೊಂಬೆ ಮ್ಯಾಕ್‌ಬೆತ್’ ಮೊದಲಾದ ಮಕ್ಕಳ ನಾಟಕಗಳನ್ನು ಈ ಕೆಲಸಕ್ಕೆ ಧಾರಾಳವಾಗಿ ಬಳಸಬಹುದು. ಅಚ್ಚಾದ ಸಂಭಾಷಣೆಯನ್ನು ಮಕ್ಕಳು ತಮ್ಮ ಮನೆಯ ಮಾತಿಗೆ ತಿರುಗಿಸಿಕೊಳ್ಳುವ ಅಭ್ಯಾಸವೇ ಒಂದು ಭಾಷಾಪಾಠ.

ಅದಂತಿರಲಿ, ನಮ್ಮ ಮಕ್ಕಳ ನಾಟಕ ಸಾಹಿತ್ಯದ ಕೊರತೆಯನ್ನೂ ಹೇಳದೆ ಬಿಡಲಾಗದು. ಹೆಸರಾದ ಕನ್ನಡ ಮಕ್ಕಳ ನಾಟಕಗಳು ಬಹುಮಟ್ಟಿಗೆ ಜನಪದ ಕಥೆ, ಪುರಾಣ, ಪ್ರಾಣಿಕಥೆ ಅಥವಾ ಅನುವಾದಗಳನ್ನು ಆಶ್ರಯಿಸಿವೆ. ಕಾಡು, ರಾಜ, ರಾಕ್ಷಸ, ಹಕ್ಕಿ, ಇವು ನಮ್ಮ ರಂಗದ ಮಾಮೂಲು ನಿವಾಸಿಗಳು. ಪುಣೆಯಲ್ಲಿಯೇ ೧೯೮೦ರ ದಶಕದಲ್ಲಿ ಮೋಹನ ಆಗಾಶೆಯವರ ಮುಂದಾಳ್ತನದಿಂದ ಬರ್ಲಿನ್ನಿನ ‘ಗ್ರಿಪ್ಸ್’ ರಂಗಭೂಮಿಯ ಮಾದರಿ ಮರಾಠಿಗೆ ಬಂದಿತು. ಅದರಲ್ಲಿ ದೊಡ್ಡವರು ಮಕ್ಕಳ ಪಾತ್ರ ವಹಿಸುತ್ತಾರೆ. ವಸ್ತು ಇಂದಿನ ಮಗುವಿನ ನಿತ್ಯಜೀವನ: ಮನೆಯ ಜಗಳ, ಹಣವಿದ್ದವರ ಇಲ್ಲದವರ ಭೇದ, ದೊಡ್ಡವರ ದರ್ಪ. ಕಥೆಯ ರಮ್ಯತೆ ಅಲ್ಲಿ ಕಡಿಮೆಯಿರಬಹುದು. ಆದರೆ ಮಗು ತನ್ನನ್ನೇ ರಂಗದ ಮೇಲೆ ಕಂಡು ಬೆರಗಾಗುತ್ತದೆ. ಮನೆಯಲ್ಲಿ ಒಂದು ಭಾಷೆ, ಅಂಗಳದಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಭಾಷೆಯನ್ನಾಡುವ ಮಗುವನ್ನೇ ನಾಯಕನನ್ನಾಗಿ ಮಾಡಿಕೊಂಡ ಕನ್ನಡ ನಾಟಕವನ್ನು ಹೊರನಾಡಿನ ನಾವೇ ಬರೆಯಬೇಕಾಗಿದೆ. ಬೆಂಗಳೂರಿನ ಲೇಖಕರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಕಾಡಿನ ಕಥೆಗಳನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಕುವೆಂಪು ಅವರ ‘ನನ್ನ ಗೋಪಾಲ’ದ ಬಡ ಹುಡುಗನು ಮನೆಗೂ ಶಾಲೆಗೂ ನಡುವೆ ಕಾಡನ್ನು ದಾಟಬೇಕಾಗಿತ್ತು, ಆ ಅಂಜಿಕೆ ನಮ್ಮ ಮಕ್ಕಳಿಗೂ ಅರ್ಥವಾಗುತ್ತದೆ. ಎರಡೂ ಬಗೆಯ ನಾಟಕಗಳು ಇರಲಿ ಎಂಬುದು ಅಭಿಪ್ರಾಯ.

೬

ಕಲೆಯ ವಿಷಯದಲ್ಲಿ ತೊಗಲುಗೊಂಬೆಯಾಟದಿಂದ ಶಿಕ್ಷಕನು ಕಲಿಯಬೇಕಾದುದು ಬಹಳವಿದೆ. ಒಂದು ಬಿಳಿಯ ಬಟ್ಟೆ, ಒಂದು ದೀಪ, ದಪ್ಪ ಕಾಗದದಲ್ಲಿ ಕತ್ತರಿಸಿದ ಆಕೃತಿಗಳು ಇಷ್ಟಿದ್ದರೆ ವರ್ಗದ ಕೋಣೆಯೇ ರಂಗವಾಗುತ್ತದೆ. ಪರದೆಯ ಹಿಂದೆ ಅಡಗಿರುವುದರಿಂದ ನಾಚಿಕೆಯ ಮಗುವೂ ದನಿ ತೆಗೆಯುತ್ತದೆ. ತಪ್ಪಿದರೆ ತಪ್ಪು ಗೊಂಬೆಯದು. ಆದರೆ ಈ ಕಲೆಯನ್ನು ನಾನು ಇಲ್ಲಿ ಎತ್ತಿಕೊಂಡುದಕ್ಕೆ ಇನ್ನೊಂದು ಕಾರಣವುಂಟು. ಕರ್ನಾಟಕದಲ್ಲಿ ರಾಮಾಯಣ ಭಾರತಗಳನ್ನು ತೊಗಲಿನ ಮೇಲೆ ಬರೆದು ಊರೂರಿಗೆ ಹೊತ್ತು ಕನ್ನಡದಲ್ಲಿ ಆಡಿಸುತ್ತ ಬಂದ ಕಿಳ್ಳೇಕ್ಯಾತ ಸಮುದಾಯದವರ ಮನೆಮಾತು ಮರಾಠಿಯ ಒಂದು ಉಪಭಾಷೆ. ಅಂದರೆ, ಮನೆಯಲ್ಲಿ ಮರಾಠಿಯ ಬಗೆಯನ್ನಾಡುವ ಕಲಾವಿದರು ಕನ್ನಡದ ಕಥೆಯನ್ನು ತಲೆಮಾರುಗಳವರೆಗೆ ಕಾಪಾಡಿದರು. ಈ ಪರಂಪರೆಯ ಹಿರಿಯ ಕಲಾವಿದೆ, ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಘೋಷಿತವಾದುದನ್ನು ವಾಚಕರು ಬಲ್ಲರು. ಎರಡು ಭಾಷೆಗಳ ನಡುವೆ ಬೆಳೆಯುವುದನ್ನು ದೌರ್ಬಲ್ಯವೆಂದು ತಿಳಿಯುವ ಪುಣೆಯ ಮಗುವಿಗೂ ಅದರ ತಂದೆತಾಯಿಗಳಿಗೂ ಹೇಳಲು ಇದಕ್ಕಿಂತ ತಕ್ಕ ಕಥೆ ದೊರೆಯದು.

ಇನ್ನೊಂದು ಸಾಧನ ನಮ್ಮ ನಗರದೊಳಗೇ ಇದೆ. ದಿನಕರ ಕೇಳಕರರು ಜೀವಮಾನವೆಲ್ಲ ಕೂಡಿಸಿದ ನಿತ್ಯೋಪಯೋಗದ ವಸ್ತುಗಳ ರಾಜಾ ಕೇಳಕರ ಸಂಗ್ರಹಾಲಯದಲ್ಲಿ ದೀಪಗಳು, ಅಡಕತ್ತರಿಗಳು, ಪಾತ್ರೆಗಳು, ವಾದ್ಯಗಳು ಸಾಲುಸಾಲಾಗಿವೆ. ಶಾಲೆಗಳು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತವೆ. ಮಕ್ಕಳು ಫಲಕವನ್ನು ನೋಡಿ ಮುಂದೆ ಹೋಗುತ್ತಾರೆ. ಕನ್ನಡದ ಶಿಕ್ಷಕನು ಅಲ್ಲಿ ಒಂದು ಬೇರೆ ಪಾಠವನ್ನು ನಡೆಸಬಹುದು. ಪ್ರತಿಯೊಂದು ಮಗುವೂ ಐದು ವಸ್ತುಗಳ ಚಿತ್ರವನ್ನು ಬರೆದುಕೊಂಡು ಬರಲಿ. ಮನೆಗೆ ಹೋಗಿ ಅಜ್ಜಿಗೋ ತಾಯಿಗೋ ತೋರಿಸಿ ಅದರ ಕನ್ನಡ ಹೆಸರನ್ನು ಕೇಳಿ ತಿಳಿಯಲಿ. ಒಂದೇ ವಸ್ತುವಿಗೆ ಮುಂದಿನ ವಾರ ಎರಡು ಮೂರು ಹೆಸರುಗಳು ಬಂದು ಸೇರುತ್ತವೆ. ಕೆಲವು ವಸ್ತುಗಳಿಗೆ ಮನೆಯಲ್ಲಿ ಯಾರಿಗೂ ಹೆಸರು ನೆನಪಾಗದೆ ಊರಿಗೆ ಫೋನು ಮಾಡಬೇಕಾದೀತು. ಚಿತ್ರದ ಕೆಳಗೆ ಆ ಹೆಸರನ್ನು ಬರೆಯಬೇಕೆಂಬ ಆಸೆ ಹುಟ್ಟಿದಾಗ ಮಗು ಲಿಪಿಯನ್ನು ತಾನಾಗಿ ಬೇಡುತ್ತದೆ. ಬೇಡಿ ಪಡೆದ ಅಕ್ಷರ ಬೇಗ ಮರೆಯುವುದಿಲ್ಲ.

೭

ಇಷ್ಟರಿಂದ ಹೊರಡುವ ವಿಮರ್ಶೆಯ ಅಳತೆಗೋಲನ್ನು ಸಂಗ್ರಹವಾಗಿ ಹೇಳಬಹುದು. ಹೊರನಾಡಿನ ಶಿಕ್ಷಕನು ಆರಿಸಿಕೊಳ್ಳುವ ಕೃತಿ ಮೊದಲು ಗಟ್ಟಿಯಾಗಿ ಹೇಳುವುದಕ್ಕೆ ಒದಗಬೇಕು. ಮಗು ಅದರೊಳಗೆ ಬೇಗನೆ ಬಾಯಿ ಹಾಕುವಂತಿರಬೇಕು. ಎರಡನೆಯದಾಗಿ, ಕನ್ನಡ ಚೆನ್ನಾಗಿ ಬಾರದ ಮಗುವಿಗೂ ಅದರಲ್ಲಿ ಗೌರವದ ಸ್ಥಾನವಿರಬೇಕು. ಮೂರನೆಯದಾಗಿ, ಕಥೆಯ ಕೊನೆಯಲ್ಲಿ ಉಪಾಧ್ಯಾಯನು ಮುಚ್ಚಲಾರದ ಒಂದು ಪ್ರಶ್ನೆ ತೆರೆದಿರಬೇಕು. ನಾಲ್ಕನೆಯದಾಗಿ, ಅದು ಮಗುವನ್ನು ಮನೆಯ ಹಿರಿಯರ ಬಳಿಗೆ ಹಿಂತಿರುಗಿ ಕಳುಹಿಸುವಂತಿರಬೇಕು. ಪಂಜೆಯವರ ಸರಣಿಕಥೆ ಮೊದಲನೆಯದರಲ್ಲಿ, ಕಿಂದರಿಜೋಗಿ ಎರಡು ಮೂರರಲ್ಲಿ, ಸಂಗ್ರಹಾಲಯದ ಚಿತ್ರಪಾಠ ನಾಲ್ಕನೆಯದರಲ್ಲಿ ಗೆಲ್ಲುತ್ತವೆ. ನಾಲ್ಕೂ ಒಂದರಲ್ಲಿಯೇ ಕೂಡಿದ ಕೃತಿ ಅಪರೂಪ. ಅದಕ್ಕಾಗಿಯೇ ಒಂದಕ್ಕೊಂದು ಪೂರಕವಾಗಿ ಇವುಗಳನ್ನು ಹೆಣೆಯುವ ಶಿಕ್ಷಕನು ಬೇಕು.

ಪುಸ್ತಕಗಳ ಅಭಾವವನ್ನು ಇನ್ನು ಮುಂದೆ ನೆವವಾಗಿ ಹೇಳುವಂತಿಲ್ಲ. ೨೦೧೦ರಿಂದ ಸಾಹಿತ್ಯ ಅಕಾದೆಮಿಯು ಬಾಲಸಾಹಿತ್ಯಕ್ಕೆ ಪ್ರತ್ಯೇಕ ಪುರಸ್ಕಾರವನ್ನು ಕೊಡುತ್ತಿದೆ. ಆ ಮೊದಲ ವರ್ಷ ಕನ್ನಡದಲ್ಲಿ ಅದನ್ನು ಪಡೆದುದು ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು ೨೦೧೫ರಿಂದ ಚಿತ್ರಪುಸ್ತಕಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸುತ್ತಿದೆ. ಅಲ್ಲಿ ಒಂದೇ ಕಥೆಯನ್ನು ಕನ್ನಡದ ಜೊತೆಗೆ ಮರಾಠಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಕಾಣಬಹುದು. ದೇವನಾಗರಿಯಲ್ಲಿ ಓದಿದ ಕಥೆಯನ್ನು ಕನ್ನಡದಲ್ಲಿ ಕೇಳಿ, ಆಮೇಲೆ ಕನ್ನಡದ ಪುಟವನ್ನು ತೆರೆದರೆ ಲಿಪಿಯ ಗೋಡೆ ಅರ್ಧ ಕುಸಿದಂತೆಯೇ. ಈಗ ಕೊರತೆಯಿರುವುದು ಓದಿ ಹೇಳುವ ಬಾಯಿಯದು. ಆ ಬಾಯಿ ಸಂಬಳ ಪಡೆಯುವ ಉಪಾಧ್ಯಾಯರದೇ ಆಗಬೇಕಾಗಿಲ್ಲ. ನಿವೃತ್ತರಾದ ಎಷ್ಟೋ ಮಂದಿ ಪ್ರಾಧ್ಯಾಪಕರು, ಬ್ಯಾಂಕಿನ ಅಧಿಕಾರಿಗಳು, ಗೃಹಿಣಿಯರು ನಮ್ಮ ಸಂಘಗಳ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ಕನ್ನಡದ ಭವಿಷ್ಯವನ್ನು ಕುರಿತ ಭಾಷಣಗಳನ್ನು ಶ್ರದ್ಧೆಯಿಂದ ಕೇಳುತ್ತಾರೆ. ಅವರಲ್ಲಿ ಹತ್ತು ಜನ ವಾರಕ್ಕೊಂದು ಗಂಟೆ ಹತ್ತು ಬಡಾವಣೆಗಳಲ್ಲಿ ಮಕ್ಕಳನ್ನು ಸುತ್ತ ಕೂಡಿಸಿಕೊಂಡು, ಸಿಗಡಿ ಯಾಕೆ ಒಣಗಲಿಲ್ಲವೆಂದು ಕೇಳತೊಡಗಿದರೆ, ಭಾಷಣಗಳ ಸಂಖ್ಯೆ ಕೊಂಚ ಕಡಿಮೆಯಾದರೂ ಚಿಂತೆಯಿಲ್ಲ.